ನೆಲದಿಂದೇಳುವ ಬೊಲಾರ್ಡ್: ಕಾರಿಗೆ ಸರಿ, ಹಿಂದೆ ಸ್ಕೂಟರ್ ಬಂದರೆ?

ಗೇಟಿನ ನಡುವೆ ರಸ್ತೆಗೆ ಸಮನಾಗಿ ಕೂತ ಉಕ್ಕಿನ ಬಿಲ್ಲೆ. ಬಟನ್ ಒತ್ತಿದರೆ ನಾಲ್ಕೈದು ಸೆಕೆಂಡಿನಲ್ಲಿ ಅದು ತೊಡೆಯೆತ್ತರದ ಕಂಬವಾಗಿ ನಿಲ್ಲುತ್ತದೆ. ಐಟಿ ಪಾರ್ಕ್, ದೊಡ್ಡ ಹೋಟೆಲ್, ನಾನೂರು ಐನೂರು ಮನೆಗಳ ಅಪಾರ್ಟ್‌ಮೆಂಟ್‌ಗಳ ಕಮಿಟಿ ಸಭೆಯಲ್ಲಿ ಬೂಮ್ ಬ್ಯಾರಿಯರ್ ತೆಗೆದು ಇದನ್ನೇ ಹಾಕಿಸೋಣ ಎಂಬ ಮಾತು ಬರುತ್ತದೆ. ಮುರಿಯುವ ತೋಳಿಲ್ಲ, ಎತ್ತಿ ನುಗ್ಗುವ ಹಾಗಿಲ್ಲ, ನೋಡಲೂ ಚೆಂದ. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಸಾಮಾನ್ಯವಾಗಿ ಕೊಟೇಶನ್‌ನಲ್ಲಿ ಬರುವ ಗಾತ್ರದವು: 275 ಮಿ.ಮೀ. ಆಸುಪಾಸಿನ ವ್ಯಾಸ, 600ರಿಂದ 800 ಮಿ.ಮೀ. ಎತ್ತರ, ಹೈಡ್ರಾಲಿಕ್ (ಎಣ್ಣೆಯ ಒತ್ತಡದ) ಚಾಲನೆ. ಇಟಲಿಯ ಎಫ್‌ಎಎಸಿ ಕಂಪನಿಯ ಜೆ275 ಈ ವರ್ಗಕ್ಕೆ ಒಳ್ಳೆಯ ಉದಾಹರಣೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಂಬ ಗಟ್ಟಿ, ಪಂಪ್ ಗಟ್ಟಿ, ವರ್ಷಗಟ್ಟಲೆ ಬಾಳುವ ಯಂತ್ರ. ಆದರೆ ದ್ವಿಚಕ್ರ ವಾಹನಗಳೂ ಕಾರುಗಳೂ ಒಂದೇ ದಾರಿಯಲ್ಲಿ ಹೋಗುವ ಗೇಟಿನಲ್ಲಿ, ಪ್ರತಿ ವಾಹನಕ್ಕೂ ಇಳಿದು ಏಳುವ ಹಾಗೆ ಇದನ್ನು ಹಾಕಿಸಬೇಡಿ. ರಾತ್ರಿ ಹತ್ತಕ್ಕೆ ಎಬ್ಬಿಸಿ ಬೆಳಿಗ್ಗೆ ಐದಕ್ಕೆ ಇಳಿಸುವ ಕಂಬವಾಗಿ, ತುರ್ತು ವಾಹನಕ್ಕೆ ಮಾತ್ರ ತೆರೆಯುವ ದಾರಿಯಲ್ಲಿ, ವಿಐಪಿ ಪೋರ್ಟಿಕೋದ ಮುಂದೆ ಇದು ಸರಿಯಾದ ವಸ್ತು. ಯಾಕೆಂದರೆ ಹಣದ ಬಹುಪಾಲು ಹೋಗುವುದು ಉಕ್ಕಿಗೆ, ಕಾಂಕ್ರೀಟಿಗೆ. ಜೀವ ಉಳಿಸುವ ಕೆಲಸ ಮಾಡುವುದೋ ರಸ್ತೆಯಲ್ಲಿ ಹೂತ ನಾಲ್ಕು ಸುತ್ತಿನ ಒಂದು ತಂತಿ.

ಎಷ್ಟು ಬಲದಲ್ಲಿ ಏಳುತ್ತದೆ

ಬೂಮ್ ಬ್ಯಾರಿಯರ್ ತೋಳು ತಪ್ಪಿ ಬಿದ್ದರೆ ಬಾನೆಟ್ ಮೇಲೆ ಗೀರು, ಹೆಲ್ಮೆಟ್ ಮೇಲೆ ಒಂದೇಟು. ಬೊಲಾರ್ಡ್‌ನ ಲೆಕ್ಕ ಬೇರೆ. 40 ಮಿ.ಮೀ. ವ್ಯಾಸದ ಸಿಲಿಂಡರ್‌ಗೆ 50 ಬಾರ್ ಒತ್ತಡ ಕೊಟ್ಟರೆ ಬರುವ ತಳ್ಳುಬಲ ಸುಮಾರು 640 ಕಿಲೋ ತೂಕಕ್ಕೆ ಸಮ. ಕಂಬದ ಸ್ವಂತ ತೂಕ 150 ಕಿಲೋ ಕಳೆದರೂ ಐನೂರು ಕಿಲೋಗೆ ಹತ್ತಿರ ಉಳಿಯುತ್ತದೆ. ಸಣ್ಣ ಹ್ಯಾಚ್‌ಬ್ಯಾಕ್‌ನ ಮುಂಭಾಗದ ತೂಕವೇ ಅಷ್ಟು. ಅಂದರೆ ಕಾರಿನ ಕೆಳಗೆ ಎದ್ದರೆ ಆಯಿಲ್ ಸಂಪ್ ಒಡೆಯುತ್ತದೆ, ಅಥವಾ ಮುಂದಿನ ಚಕ್ರಗಳ ಮೇಲಿನ ಭಾರವೇ ಹಗುರವಾಗುತ್ತದೆ. ಸ್ಕೂಟರ್ ಕೆಳಗೆ ಎದ್ದರೆ ಏನಾಗುತ್ತದೆ ಎಂಬುದಕ್ಕೆ ಲೆಕ್ಕ ಬೇಕಿಲ್ಲ.

ಹೆಚ್ಚಿನ ಹೈಡ್ರಾಲಿಕ್ ಮಾದರಿಗಳಲ್ಲಿ ಪ್ರೆಶರ್ ಸ್ವಿಚ್ ಇರುತ್ತದೆ. ಏಳುವಾಗ ಏನಾದರೂ ಅಡ್ಡ ಸಿಕ್ಕಿ ಒತ್ತಡ ಏರಿದರೆ ಕಂಬ ವಾಪಸ್ ಇಳಿಯುತ್ತದೆ. ಮಾರಾಟಗಾರರು ಇದನ್ನೇ 'ಆಂಟಿ ಕ್ರಶ್' ಎಂದು ತೋರಿಸಿ ಬೇರೆ ಪ್ರಶ್ನೆ ಮುಚ್ಚಿಸುತ್ತಾರೆ. ಅದನ್ನು ನಂಬಿ ಕೂರಬಾರದು. ಸ್ವಿಚ್‌ನ ಮಿತಿಯನ್ನು ಕಂಬದ ತೂಕ, ಸೀಲ್‌ನ ತಿಕ್ಕಾಟ, ತಣ್ಣನೆ ಬೆಳಗಿನ ಗಟ್ಟಿ ಎಣ್ಣೆ ಇವೆಲ್ಲಕ್ಕಿಂತ ಮೇಲೆ ಇಡಬೇಕಾಗುತ್ತದೆ. ಇಲ್ಲದಿದ್ದರೆ ಸುಮ್ಮಸುಮ್ಮನೆ ಇಳಿಯುತ್ತಿರುತ್ತದೆ. ಹಾಗಾಗಿ ಕಾರಿನ ತಳ ತಾಗಿದಾಗ ಅದಕ್ಕೆ ಗೊತ್ತಾಗುತ್ತದೆ; ಬಿಲ್ಲೆಯ ಮೇಲೆ ನಿಂತ ಇಪ್ಪತ್ತು ಕಿಲೋದ ಮಗು ಗೊತ್ತಾಗುವುದಿಲ್ಲ. ಚಲಿಸುತ್ತಿರುವ ಸ್ಕೂಟರ್‌ನ ಮುಂಚಕ್ರಕ್ಕೆ ಕಂಬದ ತಲೆ 100 ಮಿ.ಮೀ. ಮೇಲೆ ಬಂದಿದ್ದರೂ ಸಾಕು, ಸವಾರ ಬೀಳುತ್ತಾನೆ. ಅಲ್ಲಿ ಕಂಬಕ್ಕೆ ಒತ್ತಡ ತಟ್ಟುವುದೇ ಇಲ್ಲ, ಅಡ್ಡ ಬಡಿಯುತ್ತದಷ್ಟೆ. ಪ್ರೆಶರ್ ಸ್ವಿಚ್ ಇರಲೇಬೇಕು, ಆದರೆ ಅದು ಕೊನೆಯ ಸಾಲಿನ ಕಾವಲುಗಾರ.

ಎಲೆಕ್ಟ್ರೋಮೆಕಾನಿಕಲ್ ಮಾದರಿಗಳೂ ಸಿಗುತ್ತವೆ: ಮೋಟರ್, ಗೇರ್‌ಬಾಕ್ಸ್ ಎಲ್ಲ ಕಂಬದೊಳಗೇ. ಎಣ್ಣೆ ಸೋರುವ ರಗಳೆ ಇಲ್ಲ. ಆದರೆ ಮಳೆಗಾಲದಲ್ಲಿ ಮೋಟರ್ ಇರುವ ಜಾಗ ನೀರಿನ ಗುಂಡಿಯೊಳಗೆ ಎಂಬುದನ್ನು ನೆನಪಿಡಿ. ಹೈಡ್ರಾಲಿಕ್‌ನಲ್ಲೂ ಪಂಪ್ ಕಂಬದೊಳಗೇ ಇರುವವು, ಹೊರಗೆ ಕ್ಯಾಬಿನೆಟ್‌ನಲ್ಲಿರುವವು ಎಂದು ಎರಡು ಬಗೆ. ಜಾಗ ಇದ್ದರೆ ಹೊರಗಿನ ಪಂಪೇ ಲೇಸು. ರಿಪೇರಿಗೆ ಗುಂಡಿ ತೆರೆಯಬೇಕಿಲ್ಲ, ನೀರು ನುಗ್ಗಿದರೂ ದುಬಾರಿ ಭಾಗ ಒಣಗಿರುತ್ತದೆ.

ಲೂಪ್: ಇಡೀ ಸುರಕ್ಷತೆ ನಿಂತಿರುವ ತಂತಿ

ಮೇಲೆ ವಾಹನ ಇದೆಯೇ ಇಲ್ಲವೇ ಎಂದು ಯಂತ್ರಕ್ಕೆ ಹೇಳುವುದು ಇಂಡಕ್ಷನ್ ಲೂಪ್. ರಸ್ತೆಯಲ್ಲಿ 8 ಮಿ.ಮೀ. ಅಗಲ, 30ರಿಂದ 50 ಮಿ.ಮೀ. ಆಳದ ಸೀಳು ಕೊರೆದು, ಸುಮಾರು 2 ಮೀಟರ್‌ಗೆ 1 ಮೀಟರ್ ಆಯತದಲ್ಲಿ ತಂತಿಯನ್ನು ಮೂರೋ ನಾಲ್ಕೋ ಸುತ್ತು ಹಾಕಿ, ಮೇಲೆ ಸೀಲಂಟ್ ತುಂಬುತ್ತಾರೆ. ಅದಕ್ಕೆ ಜೋಡಿಸಿದ ಡಿಟೆಕ್ಟರ್ ಎಂಬ ಉಪಕರಣ ಆ ತಂತಿಯಲ್ಲಿ ಹೈ ಫ್ರೀಕ್ವೆನ್ಸಿ ಕರೆಂಟ್ ಹರಿಸುತ್ತದೆ. ಲೋಹ ಹತ್ತಿರ ಬಂದಾಗ ಇಂಡಕ್ಟೆನ್ಸ್ (ಸುತ್ತಿದ ತಂತಿಯ ಕಾಂತೀಯ ಗುಣ) ಕುಸಿದು ಫ್ರೀಕ್ವೆನ್ಸಿ ಏರುತ್ತದೆ, 'ವಾಹನ ಇದೆ' ಎಂದು ತಿಳಿಸುವ ಸ್ವಿಚ್ಚಾದ ರಿಲೇ ಟಕ್ ಎನ್ನುತ್ತದೆ. ಕಾರಿನ ಅಗಲವಾದ ತಳ ಇಡೀ ಲೂಪ್ ಮುಚ್ಚುವುದರಿಂದ ಬದಲಾವಣೆ ದೊಡ್ಡದು. ಸ್ಕೂಟರ್‌ಗೆ ತಳವೆಂಬುದೇ ಕಡಿಮೆ. ಆಯತದ ಮಧ್ಯದಲ್ಲಿ ನೇರ ಸಾಗಿದರೆ ಎರಡು ತೆಳು ಚಕ್ರ, ಒಂದಿಷ್ಟು ಎಂಜಿನ್, ಅಷ್ಟೇ ಲೂಪ್‌ಗೆ ಕಾಣುವುದು.

ಇದಕ್ಕೆ ಪರಿಹಾರ ಇದೆ, ಕೊರೆಯುವ ಗುತ್ತಿಗೆದಾರ ಒಪ್ಪಬೇಕು. ಆಯತದ ಬದಲು ತಂತಿಯನ್ನು ಸಂಚಾರದ ದಿಕ್ಕಿಗೆ 45 ಡಿಗ್ರಿ ಓರೆಯಾಗಿ ಹಾಕಿದರೆ ದ್ವಿಚಕ್ರ ಎಲ್ಲಿ ಸಾಗಿದರೂ ತಂತಿಯ ಮೇಲೆ ಹಾದೇ ಹೋಗಬೇಕು. ಅಲ್ಯೂಮಿನಿಯಂ ಅಲಾಯ್ ಚಕ್ರವೂ ಕಾಣಿಸುತ್ತದೆ, ಲೂಪ್‌ಗೆ ಬೇಕಿರುವುದು ವಿದ್ಯುತ್ ಹರಿಯುವ ಲೋಹ, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣವೇ ಆಗಬೇಕಿಲ್ಲ. ಆದರೆ ಓರೆ ಲೂಪ್‌ನ ಕಾಣುವ ಎತ್ತರ ಕಡಿಮೆ. ಹೆಬ್ಬೆರಳ ಲೆಕ್ಕ ಹೀಗಿದೆ: ಲೂಪ್‌ನ ಚಿಕ್ಕ ಬದಿಯ ಮೂರರಲ್ಲಿ ಎರಡು ಪಾಲಿನಷ್ಟು ಎತ್ತರದವರೆಗೆ ಅದು ನೋಡಬಲ್ಲದು. ಒಂದು ಮೀಟರ್ ಬದಿಯಾದರೆ ಸುಮಾರು 65 ಸೆಂ.ಮೀ. ಟಿಪ್ಪರ್‌ನ ಎರಡು ಆಕ್ಸಲ್‌ಗಳ ನಡುವಿನ ಚಾಸಿ ಅದಕ್ಕಿಂತ ಮೇಲಿರುತ್ತದೆ. ಮುಂದಿನ ಚಕ್ರ ದಾಟಿತು, ಲೂಪ್ 'ಖಾಲಿ' ಎಂದಿತು, ಹಿಂದಿನ ಚಕ್ರ ಇನ್ನೂ ಬರಬೇಕು. ಒಂದೇ ಲೂಪ್ ಸ್ಕೂಟರನ್ನೂ ಲಾರಿಯನ್ನೂ ಚೆನ್ನಾಗಿ ಕಾಣಲಾರದು ಎಂಬುದು ಇಲ್ಲಿನ ತೊಡಕು.

ಇನ್ನೂ ಕೆಟ್ಟದ್ದು ಟ್ರ್ಯಾಕ್ಟರ್ ಟ್ರೇಲರ್. ಟ್ರ್ಯಾಕ್ಟರಿಗೂ ಟ್ರೇಲರಿಗೂ ನಡುವೆ ಇರುವುದು ಒಂದು ಸಪೂರ ಕಬ್ಬಿಣದ ದಂಡಿಗೆ ಮಾತ್ರ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಬರುವ ಹಾಗೆ ಹಿಂದೆ ಎರಡು ಟ್ರೇಲರ್ ಕಟ್ಟಿಕೊಂಡು ಬಂದರಂತೂ ಲೂಪ್ ಪಾಲಿಗೆ ಅದು ಮೂರು ಬೇರೆ ಬೇರೆ ವಾಹನ. ಅಂಥ ಗೇಟಿಗೆ ಏಳುವ ಬೊಲಾರ್ಡ್ ಯಾವ ಸೆಟ್ಟಿಂಗ್‌ನಲ್ಲೂ ಬೇಡ.

ಲೂಪ್ ಕೆಡುವ ದಾರಿಗಳೂ ಗೊತ್ತಿರಲಿ. ಒಂದು ಸರಪಳಿ ಬಹಳ ಕಡೆ ಹೀಗೇ ಸಾಗುತ್ತದೆ. ಬೊಲಾರ್ಡ್ ಸ್ವತಃ ಉಕ್ಕು. ಅದು ಏಳುವಾಗ ಪಕ್ಕದ ಲೂಪ್‌ನ ಇಂಡಕ್ಟೆನ್ಸ್ ಬದಲಾಗಿ, ವಾಹನವೇ ಬಂತೆಂದು ಡಿಟೆಕ್ಟರ್ ಭಾವಿಸುತ್ತದೆ. ಕಂಬ ಅರ್ಧಕ್ಕೆ ನಿಂತು ವಾಪಸ್ ಇಳಿಯುತ್ತದೆ. ಕಮಿಟಿಯಿಂದ ದೂರು ಹೋಗುತ್ತದೆ. ಟೆಕ್ನಿಷಿಯನ್ ಬಂದು ಸೆನ್ಸಿಟಿವಿಟಿ ಎರಡು ಮೆಟ್ಟಿಲು ಇಳಿಸಿ ಹೋಗುತ್ತಾನೆ. ತೊಂದರೆ ಮಾಯ, ಎಲ್ಲರಿಗೂ ಸಮಾಧಾನ. ಆ ದಿನದಿಂದ ಲೂಪ್‌ಗೆ ಸ್ಕೂಟರ್ ಕಾಣುವುದಿಲ್ಲ, ಅದು ಯಾರಿಗೂ ಗೊತ್ತಿರುವುದಿಲ್ಲ. ಸರಿಯಾದ ಪರಿಹಾರ ಲೂಪನ್ನು ಕಂಬದಿಂದ ಸಾಕಷ್ಟು ದೂರ ಸರಿಸಿ ಮುಂದೊಂದು ಹಿಂದೊಂದು ಹಾಕುವುದು. ಆದರೆ ಆ ಎರಡರ ನಡುವೆ ಉಳಿಯುವ ಕುರುಡು ಜಾಗ ಸ್ಕೂಟರ್‌ನ ಚಕ್ರಾಂತರಕ್ಕಿಂತ, ಅಂದರೆ ಸುಮಾರು ಒಂದೂಕಾಲು ಮೀಟರ್‌ಗಿಂತ ಕಡಿಮೆ ಇರಲೇಬೇಕು. ಅದಕ್ಕಿಂತ ಹೆಚ್ಚಿದರೆ ಸ್ಕೂಟರ್ ಪೂರ್ತಿ ಅದರೊಳಗೆ, ಬಿಲ್ಲೆಯ ಮೇಲೇ ನಿಂತಿದ್ದರೂ ಎರಡೂ ಲೂಪ್ 'ಖಾಲಿ' ಎನ್ನುತ್ತವೆ.

ಕಾಂಕ್ರೀಟಿನ ಟಿಎಂಟಿ ಕಂಬಿಯೂ ಶತ್ರುವೇ. ತಂತಿಗೂ ಜಾಲರಿಗೂ ಕನಿಷ್ಠ 50 ಮಿ.ಮೀ. ಅಂತರ ಬೇಕು, 100 ಸಿಕ್ಕರೆ ಒಳ್ಳೆಯದು. ಲಾರಿ ತಡೆಯುವ ಬೊಲಾರ್ಡ್‌ಗಳಿಗೆ ದೊಡ್ಡ ಕಂಬಿಯ ಪಂಜರ ಬೇಕಾಗುವುದರಿಂದ, ಕಂಬ ಬಲವಾದಷ್ಟೂ ಲೂಪ್ ಬಡವಾಗುತ್ತದೆ. ಪಕ್ಕಪಕ್ಕದ ಎರಡು ಲೂಪ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಕೇಳಿಸುತ್ತದೆ. ಸುತ್ತು ಒಂದಕ್ಕೆ ಮೂರು ಇನ್ನೊಂದಕ್ಕೆ ನಾಲ್ಕು ಹಾಕಿ, ಡಿಟೆಕ್ಟರ್‌ನ ಡಿಐಪಿ ಸ್ವಿಚ್‌ನಲ್ಲೂ (ಸೆಟ್ಟಿಂಗ್ ಬದಲಿಸುವ ಪುಟ್ಟ ಸ್ವಿಚ್‌ಗಳ ಸಾಲು) ಫ್ರೀಕ್ವೆನ್ಸಿ ಬೇರೆ ಮಾಡಬೇಕು. ಲೂಪ್‌ನಿಂದ ನಿಯಂತ್ರಣ ಪ್ಯಾನೆಲ್‌ವರೆಗಿನ ಜೋಡಿ ತಂತಿಯನ್ನು ಮೀಟರಿಗೆ ಕನಿಷ್ಠ 20 ಸಲ ಹುರಿ ಮಾಡದಿದ್ದರೆ ಪಕ್ಕದ ಮೋಟರ್ ಕೇಬಲ್ ಎಲ್ಲವನ್ನೂ ಕೆಡಿಸುತ್ತದೆ.

ಡಿಟೆಕ್ಟರ್‌ನಲ್ಲಿ ನೋಡಬೇಕಾದ್ದು ಎರಡೇ ಸೆಟ್ಟಿಂಗ್, ಎರಡೂ ಪ್ರಾಣದ ಮಾತು. ಮೊದಲನೆಯದು 'ಪರ್ಮನೆಂಟ್ ಪ್ರೆಸೆನ್ಸ್'. 'ಲಿಮಿಟೆಡ್ ಪ್ರೆಸೆನ್ಸ್'ನಲ್ಲಿಟ್ಟರೆ ಒಂದಷ್ಟು ಹೊತ್ತು ನಿಂತ ವಾಹನವನ್ನು ಡಿಟೆಕ್ಟರ್ ರಸ್ತೆಯ ಭಾಗವೆಂದೇ ಲೆಕ್ಕ ಹಾಕಿ ಮರೆತುಬಿಡುತ್ತದೆ. ಗೇಟಿನಲ್ಲಿ ಕೆಟ್ಟು ನಿಂತ ಕಾರಿನ ಕೆಳಗೆ ಕಂಬ ಏಳುವುದು ಹೀಗೆ. ಎರಡನೆಯದು ರಿಲೇಯ ವೈರಿಂಗ್. ತಂತಿ ತುಂಡಾದರೆ, ಡಿಟೆಕ್ಟರ್‌ಗೆ ಕರೆಂಟ್ ಹೋದರೆ, ಕಾರ್ಡ್ ಸುಟ್ಟರೆ, ಈ ಮೂರರಲ್ಲಿ ಯಾವುದೇ ಆದರೂ, ಪ್ಯಾನೆಲ್‌ಗೆ 'ವಾಹನ ಇದೆ' ಎಂದೇ ತಲುಪಬೇಕು. ಅಂದರೆ ಕಂಬ ಏಳಬಾರದು. ಕೆಲವರು ಗೇಟ್ ಬಂದ್ ಆಗುತ್ತದೆಂದು ಹೆದರಿ ಇದನ್ನು ಉಲ್ಟಾ ಕಟ್ಟುತ್ತಾರೆ. ಆಗ ಲೂಪ್ ಸತ್ತರೂ ಕಂಬ ಮಾಮೂಲಿನಂತೆ ಏಳುತ್ತಲೇ ಇರುತ್ತದೆ, ಕುರುಡಾಗಿ.

ಲೂಪ್ ಒಂದನ್ನೇ ನಂಬದೆ ಅದರ ಜೊತೆಗೆ ಅಡ್ಡ ಹಾಯುವ ಫೋಟೋಬೀಮ್ (ಕಡಿದರೆ ಎಚ್ಚರಿಸುವ ಬೆಳಕಿನ ಕಿರಣ), ಸಾಧ್ಯವಿದ್ದರೆ ಮೇಲಿನಿಂದ ನೋಡುವ ಲೇಸರ್ ಸ್ಕ್ಯಾನರ್ ಕೇಳಿ. ಕಾಲ್ನಡಿಗೆಯವರನ್ನು ಲೂಪ್ ಯಾವತ್ತಿಗೂ ಕಾಣದು, ಸ್ಕ್ಯಾನರ್ ಕಾಣುತ್ತದೆ. ಬೀದಿನಾಯಿಗಳಿಗೆ ಬಿಸಿಲಿಗೆ ಕಾದ ಈ ಬಿಲ್ಲೆ ಚಳಿಗಾಲದ ಸಂಜೆ ಬಲು ಇಷ್ಟ. ಅವು ಕಂಬ ಅಲುಗಿದ ಕೂಡಲೇ ಜಿಗಿದು ಓಡುತ್ತವೆ. ಮೊಬೈಲ್ ನೋಡುತ್ತ ನಿಂತ ಮನುಷ್ಯನಿಂದ ಅಷ್ಟು ಚುರುಕು ನಿರೀಕ್ಷಿಸುವಂತಿಲ್ಲ.

ಕೆಂಪು ದೀಪ, ಟ್ಯಾಗ್ ರೀಡರ್, ಹಿಂಬಾಲಿಸುವವರು

ಬೂಮ್ ಬ್ಯಾರಿಯರ್‌ನ ತೋಳು ಎದುರಿಗೆ ಕಾಣುತ್ತದೆ. ಬೊಲಾರ್ಡ್ ಕಾರಿನ ಬಾನೆಟ್‌ಗಿಂತ ಕೆಳಗೆ. ಮುಂದೆ ಎರಡು ಮೀಟರ್ ದೂರದಲ್ಲಿ ಅದು ಎದ್ದಿದೆಯೋ ಇಳಿದಿದೆಯೋ ಚಾಲಕನಿಗೆ ತಿಳಿಯದು. ಹಾಗಾಗಿ ಸಿಗ್ನಲ್ ದೀಪ ಅಲಂಕಾರಕ್ಕಲ್ಲ. ಕೆಳಗಿನ ಲಿಮಿಟ್ ಸ್ವಿಚ್ 'ಪೂರ್ತಿ ಇಳಿದೆ' ಎಂದ ಮೇಲಷ್ಟೇ ಹಸಿರು. ಇಳಿಯುತ್ತಿರುವಾಗಲೂ ಕೆಂಪೇ. ಏಳುವ ಮುನ್ನ ಕೆಂಪು ಬಂದು, ಬಜರ್ ಕೂಗಿ, ಕನಿಷ್ಠ ಮೂರು ಸೆಕೆಂಡ್ ಕಾಯ್ದು, ಲೂಪ್ ಮತ್ತೊಮ್ಮೆ ನೋಡಿ ಆಮೇಲೆ ಏಳಬೇಕು. ಕೆಂಪು ದೀಪವೇ ಸುಟ್ಟುಹೋಗಿದ್ದರೆ ಪ್ಯಾನೆಲ್ ಕಂಬವನ್ನು ಎಬ್ಬಿಸಬಾರದು. ಈ 'ಲ್ಯಾಂಪ್ ಮಾನಿಟರಿಂಗ್' ಅಗ್ಗದ ಪ್ಯಾನೆಲ್‌ಗಳಲ್ಲಿ ಇರುವುದಿಲ್ಲ, ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಕಂಬದ ತಲೆಯಲ್ಲಿ ಎಲ್ಇಡಿ, ಸುತ್ತ ಪ್ರತಿಫಲಿಸುವ ಪಟ್ಟಿ, ಎದುರಿಗೆ 'ಒಮ್ಮೆಗೆ ಒಂದೇ ವಾಹನ' ಎಂಬ ಬೋರ್ಡ್ ಕನ್ನಡದಲ್ಲಿ ದೊಡ್ಡದಾಗಿ ಇರಲಿ.

ಅಪಘಾತಗಳ ಮಾಮೂಲಿ ವಿಧ ಹಿಂಬಾಲಿಸುವುದು. ಮುಂದಿನ ಕಾರಿಗೆ ಇಳಿಯಿತು, ನಾನೂ ಅದರ ಬೆನ್ನಿಗೇ ಹೋಗಿಬಿಡುತ್ತೇನೆ ಎಂಬ ಲೆಕ್ಕಾಚಾರ. ಮುಂದಿನ ಕಾರು ಲೂಪ್ ಬಿಟ್ಟ ಕ್ಷಣವೇ ಏಳುವ ಹಾಗೆ ಸೆಟ್ ಮಾಡಿದ್ದರೆ ಹಿಂದಿನವನಿಗೆ ಉಳಿಗಾಲವಿಲ್ಲ. ಸೆಟ್ಟಿಂಗ್ ಸಡಿಲ ಮಾಡಿ ಹತ್ತು ಸೆಕೆಂಡ್ ಕಾಯಿಸಿದರೆ ಸುರಕ್ಷಿತ, ಆದರೆ ಆಗ ಯಾರು ಬೇಕಾದರೂ ನುಗ್ಗಬಹುದು. ಒಬ್ಬೊಬ್ಬರನ್ನೇ ಬಿಡುವ ಕೆಲಸ ಬೊಲಾರ್ಡ್‌ನ ಸ್ವಭಾವಕ್ಕೇ ಒಗ್ಗುವುದಿಲ್ಲ.

ಕಾರಿಗೆ ಅಂಟಿಸಿದ ಟ್ಯಾಗನ್ನು ರೇಡಿಯೋ ಅಲೆಯಿಂದ ಓದುವ ಯುಎಚ್‌ಎಫ್ ಟ್ಯಾಗ್ ರೀಡರ್ ಜೊತೆ ಇನ್ನೊಂದು ಎಡವಟ್ಟಿದೆ. ಐದು ಹತ್ತು ಮೀಟರ್ ದೂರದಿಂದ ಓದುವ ರೀಡರ್, ಸಾಲಿನಲ್ಲಿ ಎರಡನೆಯ ಕಾರಿನ ಟ್ಯಾಗನ್ನೂ ಮೊದಲನೆಯದು ದಾಟುವಾಗಲೇ ಓದಿಬಿಡುತ್ತದೆ. ಪ್ಯಾನೆಲ್ ಆ ಆದೇಶವನ್ನು 'ಈಗಾಗಲೇ ತೆರೆದಿದೆ' ಎಂದು ಬಿಸಾಡಿದರೆ, ತನ್ನ ಟ್ಯಾಗ್ ಓದಿತೆಂದು ಬೀಪ್ ಕೇಳಿದ ಎರಡನೆಯವನು ಮುಂದೆ ಬರುತ್ತಾನೆ, ಕಂಬ ಏಳುತ್ತದೆ. ರೀಡರ್‌ನ ಪವರ್ ತಗ್ಗಿಸಿ ಮೂರು ಮೀಟರ್‌ಗೆ ಇಳಿಸಬೇಕು. ಮುಂದಿನ ಲೂಪ್ ಮೇಲೆ ವಾಹನ ಇದ್ದಾಗ ಮಾತ್ರ ಟ್ಯಾಗ್ ಲೆಕ್ಕಕ್ಕೆ ಬರಬೇಕು. ಏಳುವ ನಡುವೆ ಸರಿಯಾದ ಟ್ಯಾಗ್ ಬಂದರೆ ಕಂಬ ತಕ್ಷಣ ತಿರುಗಿ ಇಳಿಯಬೇಕು.

ಬೆಳಗಿನ ಸಾಲಿನ ಲೆಕ್ಕವನ್ನೂ ಹಾಕಿ ನೋಡಿ. ಇಳಿಯಲು 3 ಸೆಕೆಂಡ್, ಕಾರು ದಾಟಲು 4, ಕಾಯುವುದು 3, ಏಳಲು 5: ಒಟ್ಟು 15. ಗಂಟೆಗೆ 240 ವಾಹನ, ಅದೂ ಯಾರೂ ತಡವರಿಸದಿದ್ದರೆ. ಐನೂರು ಕಾರು, ಅಷ್ಟೇ ಸ್ಕೂಟರ್ ಇರುವ ಜಾಗದಲ್ಲಿ ಎಂಟೂವರೆಗೆ ರಸ್ತೆತನಕ ಸಾಲು ನಿಲ್ಲುತ್ತದೆ. ಆಗ ಸೆಕ್ಯೂರಿಟಿಯವರು ಆಟೋಮ್ಯಾಟಿಕ್ ತೆಗೆದು ಮ್ಯಾನುವಲ್‌ಗೆ ಹಾಕಿ ಕೈಯಲ್ಲೇ ಬಟನ್ ಒತ್ತಲು ಶುರು ಮಾಡುತ್ತಾರೆ. ಕೆಲವು ಪ್ಯಾನೆಲ್‌ಗಳಲ್ಲಿ ಮ್ಯಾನುವಲ್‌ಗೆ ಹಾಕಿದರೆ ಲೂಪ್‌ಗಳ ತಡೆಯೇ ಕೆಲಸ ಮಾಡದು. ಕೊಳ್ಳುವ ಮುನ್ನ ಕೇಳಲೇಬೇಕಾದ ಪ್ರಶ್ನೆ ಇದು.

ಹೈ ಸೆಕ್ಯೂರಿಟಿ ಮಾದರಿಗಳಲ್ಲಿ 'ಎಮರ್ಜೆನ್ಸಿ ಫಾಸ್ಟ್ ಆಪರೇಷನ್' ಎಂಬ ಕೆಂಪು ಬಟನ್ ಬರುತ್ತದೆ. ಒತ್ತಿದರೆ ಅಕ್ಯುಮುಲೇಟರ್‌ನಲ್ಲಿ ಕೂಡಿಟ್ಟ ಒತ್ತಡದಿಂದ ಒಂದೂವರೆ ಸೆಕೆಂಡ್ ಒಳಗೆ ಕಂಬ ಎದ್ದು ನಿಲ್ಲುತ್ತದೆ. ದಾಳಿ ತಡೆಯಲು ಮಾಡಿದ್ದಾದ್ದರಿಂದ ಅದು ಲೂಪ್, ಬೀಮ್, ದೀಪ ಯಾವುದನ್ನೂ ಕೇಳುವುದಿಲ್ಲ. ವಸತಿ ಸಮುಚ್ಚಯಕ್ಕೆ ಇದು ಬೇಡವೇ ಬೇಡ. ಬೇಕಾದ ಜಾಗದಲ್ಲೂ ಮಾಮೂಲಿ ಬಟನ್ ಪಕ್ಕದಲ್ಲೇ ಇಡಬಾರದು. ಮುಚ್ಚಳದ ಒಳಗೆ, ಬೇರೆ ಗೋಡೆಯ ಮೇಲೆ, ಒಮ್ಮೆ ಒತ್ತಿದರೆ ಕೀಲಿ ಇಲ್ಲದೆ ಮರಳದ ಹಾಗೆ ಇರಬೇಕು.

ಗುಂಡಿ, ನೀರು, ಕರೆಂಟು

600 ಮಿ.ಮೀ. ಎತ್ತರದ ಕಂಬಕ್ಕೆ ಗುಂಡಿ ಸುಮಾರು 1.2 ಮೀಟರ್ ಆಳ ಬೇಕು, ತಳದ ಜಲ್ಲಿ ಸೇರಿ ಇನ್ನಷ್ಟು. ಅಗೆಯುವ ಮುನ್ನ ಕೈಯಲ್ಲಿ ಒಂದು ಪರೀಕ್ಷಾ ಗುಂಡಿ ತೋಡಿಸಿ. ಗೇಟಿನ ಕೆಳಗೇ ಬೆಸ್ಕಾಂ ಕೇಬಲ್, ಜಲಮಂಡಳಿ ಪೈಪ್, ಇಂಟರ್ನೆಟ್‌ನ ಆಪ್ಟಿಕಲ್ ಫೈಬರ್ ಕೇಬಲ್ (ಓಎಫ್‌ಸಿ) ಇರುವುದು ಬೆಂಗಳೂರಿನಲ್ಲಿ ವಿಶೇಷವೇನಲ್ಲ.

ನೀರು ಹೋಗುವ ದಾರಿ ಇಲ್ಲದೆ ಈ ಯಂತ್ರ ಬಾಳದು. ಕರಾವಳಿಯ ಜಂಬಿಟ್ಟಿಗೆ ನೆಲ ನೀರನ್ನು ಕುಡಿಯುತ್ತದೆ, ಜಲ್ಲಿ ಗುಂಡಿ ಸಾಕಾಗಬಹುದು. ಧಾರವಾಡ, ವಿಜಯಪುರದ ಎರೆಮಣ್ಣಿನಲ್ಲಿ ಜಲ್ಲಿ ಹಾಕಿ ಬಿಟ್ಟರೆ ಅದು ತೊಟ್ಟಿಯಾಗುತ್ತದೆ. ಮೇಲೆ ಮಣ್ಣು ಉಬ್ಬಿ ಕುಗ್ಗಿ ಚೌಕಟ್ಟೇ ಓರೆಯಾಗುತ್ತದೆ. ಅಲ್ಲಿ 110 ಮಿ.ಮೀ. ಪಿವಿಸಿ ಪೈಪ್ ಇಳಿಜಾರಿನಲ್ಲಿ ಮೋರಿಯವರೆಗೆ ಹೋಗಬೇಕು. ಮೋರಿ ಗುಂಡಿಯ ತಳಕ್ಕಿಂತ ಮೇಲಿದ್ದರೆ ಪಕ್ಕದಲ್ಲಿ ಸಂಪ್ ತೋಡಿ ಫ್ಲೋಟ್ ಸ್ವಿಚ್ ಇರುವ ಪಂಪ್ ಇಡಬೇಕು. ಮೋರಿಯ ನೀರು ವಾಪಸ್ ಬರದ ಹಾಗೆ ನಾನ್ ರಿಟರ್ನ್ ವಾಲ್ವ್ ಕೂಡ. ಪರೀಕ್ಷೆ ಸುಲಭ: ಇಪ್ಪತ್ತು ಲೀಟರ್‌ನ ಎರಡು ಕ್ಯಾನ್ ನೀರನ್ನು ಒಂದು ನಿಮಿಷದಲ್ಲಿ ಸುರಿಯಿರಿ. ಗುಂಡಿಯಲ್ಲಿ ನೀರು ನಿಲ್ಲಬಾರದು.

ನೀರಿಗಿಂತ ಕಸ ಕಾಟ ಕೊಡುತ್ತದೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್‌ನಲ್ಲಿ 2017ರಲ್ಲಿ ಹಾಕಿದ್ದು ಏಳುವ ಬಗೆಯದಲ್ಲ, ಹಳಿಯ ಮೇಲೆ ಜಾರಿ ಬರುವ ಬೊಲಾರ್ಡ್. ಮಾರ್ಡಿ ಗ್ರಾ ಹಬ್ಬದಲ್ಲಿ ಎಸೆಯುವ ಮಣಿಸರಗಳು ಆ ಹಳಿಗಳಲ್ಲಿ ತುಂಬಿಕೊಂಡು ಅವು ಸರಿಯಾಗಿ ಕೆಲಸ ಮಾಡಲಿಲ್ಲ. ಬದಲಿ ಕಾಮಗಾರಿ ನಡೆಯುತ್ತಿದ್ದಾಗಲೇ 2025ರ ಜನವರಿ 1ರ ನಸುಕಿನಲ್ಲಿ ಟ್ರಕ್ ನುಗ್ಗಿಸಿದ ದಾಳಿಯಲ್ಲಿ 14 ಜನ ಸತ್ತರು. ನಮ್ಮಲ್ಲಿ ಮಣಿಸರದ ಜಾಗದಲ್ಲಿ ಟಿಪ್ಪರ್‌ನಿಂದ ಉದುರಿದ ಎಂ ಸ್ಯಾಂಡ್, ಆಯುಧಪೂಜೆಗೆ ಒಡೆದ ಕುಂಬಳಕಾಯಿ, ಹೂವು, ತೆಂಗಿನ ನಾರು. ಕಂಬಕ್ಕೂ ಅದರ ಬಳೆಗೂ ನಡುವಿನ ಸಂದಿಯಲ್ಲಿ ಮರಳು ಸೇರಿದರೆ ಮೊದಲು ವೈಪರ್ ಸೀಲ್ ಹರಿಯುತ್ತದೆ, ಆಮೇಲೆ ಕಂಬ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ರಸ್ತೆಯಿಂದ ಒಂದಡಿ ಮೇಲೆ ಅರ್ಧಕ್ಕೆ ನಿಂತ ಕಂಬ ಪೂರ್ತಿ ಎದ್ದದ್ದಕ್ಕಿಂತ ಅಪಾಯ, ಯಾರಿಗೂ ಕಾಣುವುದಿಲ್ಲ.

ಬಿಲ್ಲೆಯ ಮೇಲ್ಮೈ ಬಗ್ಗೆ ಒಂದು ಮಾತು. ಕ್ಯಾಟಲಾಗ್‌ನ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ತಲೆ ಮಳೆಯಲ್ಲಿ ಸ್ಕೂಟರ್ ಜಾರಿಸುವ ತಟ್ಟೆ. ಉಬ್ಬುಗೆರೆಯ ಚೆಕರ್ಡ್ ಪ್ಲೇಟ್ ಅಥವಾ ಜಾರದ ಲೇಪ ಕೇಳಿ. ಅದೂ ರಸ್ತೆಗಿಂತ ಐದು ಹತ್ತು ಮಿ.ಮೀ. ಎತ್ತರದಲ್ಲಿದ್ದು ಸುತ್ತ ಇಳಿಜಾರಾದರೆ ಮಳೆನೀರು ಒಳಗೆ ಹರಿಯುವುದಿಲ್ಲ.

ಕರೆಂಟ್ ಹೋದಾಗ ಏನಾಗಬೇಕು? ಕೆಲವು ಮಾದರಿಗಳಲ್ಲಿ ಸೋಲೆನಾಯ್ಡ್ ವಾಲ್ವ್ (ಕರೆಂಟಿನಿಂದ ನಡೆಯುವ ಎಣ್ಣೆಯ ವಾಲ್ವ್) ತೆರೆದುಕೊಂಡು ಕಂಬ ತನ್ನ ತೂಕಕ್ಕೆ ತಾನೇ ಇಳಿಯುತ್ತದೆ, ಇನ್ನು ಕೆಲವು ಎದ್ದಲ್ಲೇ ನಿಲ್ಲುತ್ತವೆ. ಮನೆಗಳಿರುವ ಕಡೆ ಇಳಿಯುವುದೇ ಸರಿ. ಬೆಂಕಿ ಬಿದ್ದಾಗ ಮೊದಲು ತೆಗೆಯುವುದು ಮೇನ್ ಸ್ವಿಚ್, ಆಮೇಲೆ ಬರುವುದು ಅಗ್ನಿಶಾಮಕ ವಾಹನ. ಬಿಗಿ ಭದ್ರತೆಯ ಕಡೆ ನಿಲ್ಲುವ ಮಾದರಿ ಬೇಕಾಗಬಹುದು. ಆಗ ಕೈಯಲ್ಲಿ ಇಳಿಸುವ ವಾಲ್ವ್‌ನ ಕೀಲಿ ಗೇಟಿನ ಕೋಣೆಯಲ್ಲೇ ನೇತಾಡುತ್ತಿರಬೇಕು, ಎಸ್ಟೇಟ್ ಮ್ಯಾನೇಜರ್‌ನ ಬೀರುವಿನಲ್ಲಿ ಅಲ್ಲ. ಕರೆಂಟ್ ಬಂದ ಮೇಲೆ ಕಂಬ ತಾನಾಗಿ ಏಳಬಾರದು, ಯಾರಾದರೂ ನೋಡಿ ರೀಸೆಟ್ ಮಾಡಿದ ಮೇಲಷ್ಟೇ. ಬೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಏರುವ ಹತ್ತು ಸೆಕೆಂಡಿನಲ್ಲಿ ಡಿಟೆಕ್ಟರ್ ರೀಬೂಟ್ ಆಗಿ, ಮೇಲೆ ನಿಂತ ಕಾರನ್ನೇ ಸೇರಿಸಿ ಲೂಪ್ ಅಳೆದುಕೊಂಡು ಅದನ್ನೇ 'ಖಾಲಿ' ಎಂದು ದಾಖಲಿಸುತ್ತದೆ. ಡಿಟೆಕ್ಟರ್‌ಗೂ ಪ್ಯಾನೆಲ್‌ಗೂ ಚಿಕ್ಕದೊಂದು ಯುಪಿಎಸ್ ಹಾಕಿದರೆ ಈ ಕಾಟವೇ ಇಲ್ಲ.

ಎಷ್ಟು ಗಟ್ಟಿ ಬೇಕು

1,500 ಕಿಲೋದ ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದರೆ ಅದರ ಶಕ್ತಿ ಸುಮಾರು 52 ಕಿಲೋಜೂಲ್. ಅಮೆರಿಕದ ಎಎಸ್‌ಟಿಎಂ ಎಫ್2656 ಮಾನದಂಡದ ಎಂ50 ಪರೀಕ್ಷೆಯಲ್ಲಿ 6,800 ಕಿಲೋದ ಟ್ರಕ್ಕನ್ನು ಗಂಟೆಗೆ 80 ಕಿ.ಮೀ.ಯಲ್ಲಿ ಗುದ್ದಿಸುತ್ತಾರೆ: ಸುಮಾರು 1,680 ಕಿಲೋಜೂಲ್, ಮೂವತ್ತೆರಡು ಪಟ್ಟು. ಇದರ ಜೊತೆ ಬರುವ ಪಿ1, ಪಿ2 ಎಂಬವು ಟ್ರಕ್ ಎಷ್ಟು ಒಳಕ್ಕೆ ನುಗ್ಗಿತು ಎಂಬುದರ ಅಳತೆ. ಪಿ1 ಎಂದರೆ ಒಂದು ಮೀಟರ್ ಒಳಗೆ. ಬ್ರಿಟನ್ನಿನ ಪಾಸ್ 68, ಅದರ ನಂತರದ ಐಡಬ್ಲ್ಯುಎ 14, ಈಗ 2023ರಿಂದ ಐಎಸ್‌ಓ 22343 ಕೂಡ ಇದೇ ಬಗೆಯ ಪರೀಕ್ಷೆಗಳು. ಸರ್ಟಿಫಿಕೇಟ್ ಅನ್ವಯಿಸುವುದು ಪರೀಕ್ಷೆಯಲ್ಲಿದ್ದ ತಳಪಾಯಕ್ಕೆ ಮಾತ್ರ. ಕೇಬಲ್ ಅಡ್ಡ ಬಂತೆಂದು ಕಾಂಕ್ರೀಟ್ ಒಂದಡಿ ಕಡಿಮೆ ಮಾಡಿದರೆ ಆ ಕಾಗದ ಚೌಕಟ್ಟು ಹಾಕಿಸಲು ಮಾತ್ರ ಯೋಗ್ಯ. ಅಪಾರ್ಟ್‌ಮೆಂಟ್‌ಗೆ ಎಂ50 ಬೇಕಿಲ್ಲ, ಆ ಹಣವನ್ನು ಸ್ಕ್ಯಾನರ್‌ಗೆ ಹಾಕಿ.

ಇನ್ನೊಂದು ಸರಳ ಸಂಗತಿ ಕೊಟೇಶನ್‌ನಲ್ಲಿ ಯಾರೂ ಬರೆಯುವುದಿಲ್ಲ. ಕಂಬಗಳ ನಡುವೆ 1.2 ಮೀಟರ್‌ಗಿಂತ ಹೆಚ್ಚು ಬಿಡಬಾರದು, ಗಾಲಿಕುರ್ಚಿ ಹೋಗಲು 0.9 ಮೀಟರ್ ಆದರೂ ಬಿಡಬೇಕು. ಆ ಸಂದಿಯಲ್ಲಿ ಯಾವ ಸ್ಕೂಟರ್ ಆದರೂ ಆರಾಮಾಗಿ ನುಸುಳುತ್ತದೆ. ಅಂದರೆ ಬೊಲಾರ್ಡ್ ದ್ವಿಚಕ್ರವನ್ನು ತಡೆಯಲಾರದು, ಬೀಳಿಸಬಲ್ಲದು ಅಷ್ಟೇ. ಸ್ಕೂಟರ್‌ಗೆ ಪಕ್ಕದಲ್ಲಿ ಬೇರೆ ದಾರಿ, ಕಲ್ಲಿನ ಕಟ್ಟೆಯಿಂದ ಬೇರ್ಪಡಿಸಿದ್ದು, ಅದಕ್ಕೆ ಚಿಕ್ಕ ಬೂಮ್: ಇದಿಲ್ಲದೆ ನಕ್ಷೆಗೆ ಸಹಿ ಹಾಕಬೇಡಿ.

ದಿನವಿಡೀ ಏಳುಬೀಳು ಮಾಡಿಸಿದ ಊರುಗಳು ಏನು ಮಾಡಿದವು ಎಂದು ನೋಡುವುದೂ ಉಪಯುಕ್ತ. ಇಂಗ್ಲೆಂಡಿನ ಡರಮ್‌ನಲ್ಲಿ 2002ರ ಅಕ್ಟೋಬರ್‌ನಲ್ಲಿ ಸ್ಯಾಡ್ಲರ್ ಸ್ಟ್ರೀಟ್‌ನ ದಾರಿಗೆ ಏಳುವ ಬೊಲಾರ್ಡ್ ಹಾಕಿ 2 ಪೌಂಡ್ ಶುಲ್ಕ ವಸೂಲಿ ಶುರುವಾಯಿತು, ಲಂಡನ್ನಿನ ಕಂಜೆಶ್ಚನ್ ಚಾರ್ಜ್ ಎಂಬ ವಾಹನ ದಟ್ಟಣೆ ಶುಲ್ಕಕ್ಕಿಂತ ಮೊದಲೇ. 2011ರಲ್ಲಿ ಬೊಲಾರ್ಡ್ ತೆಗೆದು ನಂಬರ್‌ಪ್ಲೇಟ್ ಓದುವ ಕ್ಯಾಮೆರಾ ಇಟ್ಟರು. ಕೇಂಬ್ರಿಜ್ ಕೂಡ ತನ್ನ ಬೊಲಾರ್ಡ್‌ಗಳ ಜಾಗಕ್ಕೆ ಮುಂದೆ ಕ್ಯಾಮೆರಾವನ್ನೇ ತಂದಿತು.

ಬಿಲ್ ಕೊಡುವ ಮುನ್ನ

ಕೊನೆಯ ಕಂತು ಕೈಯಲ್ಲಿರುವಾಗ ಅರ್ಧ ದಿನ ಪರೀಕ್ಷೆಗೆ ಇಡಿ. ಎಲ್ಲವನ್ನೂ ಸವಾರ ಇಲ್ಲದೆ, ಕಂಬದ ಸ್ಟಾಪ್ ಬಟನ್ ಬಳಿ ಒಬ್ಬರನ್ನು ನಿಲ್ಲಿಸಿ ಮಾಡಬೇಕು. ಸೈಡ್ ಸ್ಟ್ಯಾಂಡ್ ಹಾಕಿದ ಸ್ಕೂಟರನ್ನು ಬಿಲ್ಲೆಯ ಮೇಲೆ, ಎಡಕ್ಕೆ, ಬಲಕ್ಕೆ, ಎರಡು ಲೂಪ್‌ಗಳ ನಡುವೆ ಹೀಗೆ ಐದಾರು ಕಡೆ ನಿಲ್ಲಿಸಿ. ಒಂದೊಂದು ಸಲವೂ ಡಿಟೆಕ್ಟರ್‌ನ ದೀಪ ಹತ್ತಬೇಕು. ಹತ್ತದಿದ್ದರೆ ಕಂಬ ಎಬ್ಬಿಸುವ ಮಾತೇ ಇಲ್ಲ, ಅಲ್ಲಿಗೇ ನಿಲ್ಲಿಸಿ. ಕಾರೊಂದನ್ನು ಮೇಲೆ ಒಂದು ಗಂಟೆ ಬಿಟ್ಟು, ಡಿಟೆಕ್ಟರ್ ಅದನ್ನು ಮರೆತಿಲ್ಲವೆಂದು ನೋಡಿ. ನೀರಿನ ಟ್ಯಾಂಕರ್ ಬಂದಾಗ ಅದರ ಎರಡು ಆಕ್ಸಲ್‌ಗಳ ನಡುಭಾಗ ಲೂಪ್ ಮೇಲಿರುವಂತೆ ನಿಲ್ಲಿಸಿ, ದೀಪ ಆರಿತೇ ಗಮನಿಸಿ. ಆಮೇಲೆ ದಾರಿ ಖಾಲಿ ಮಾಡಿಸಿ ಟರ್ಮಿನಲ್‌ನಲ್ಲಿ ಲೂಪ್ ತಂತಿ ಬಿಚ್ಚಿ, ಏಳುವ ಆದೇಶ ಕೊಡಿ: ಏಳಬಾರದು. ಕೆಂಪು ದೀಪದ ಫ್ಯೂಸ್ ತೆಗೆದು ಆದೇಶ ಕೊಡಿ: ಏಳಬಾರದು. ಅರ್ಧ ಎದ್ದಾಗ ಮೇನ್ ಕಟ್ ಮಾಡಿ, ಮತ್ತೆ ಹಾಕಿ: ತಾನಾಗಿ ಏಳಬಾರದು. ಇದೆಲ್ಲದರ ವಿಡಿಯೋ, ಡಿಟೆಕ್ಟರ್‌ನ ಡಿಐಪಿ ಸ್ವಿಚ್‌ಗಳ ಒಂದು ಫೋಟೋ, ಸೆನ್ಸಿಟಿವಿಟಿ ಅಂಕಿ ಕಡತದಲ್ಲಿರಲಿ. ಮುಂದೆ ಯಾರಾದರೂ ಅದನ್ನು ಇಳಿಸಿದರೆ ಹೋಲಿಸಿ ಹಿಡಿಯಲು ಅದೊಂದೇ ಸಾಕ್ಷಿ.

ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ 'ಸರ್ವೀಸ್' ಎಂದು ಬರೆದರೆ ಗ್ರೀಸ್ ಹಚ್ಚಿ ಹೋಗುತ್ತಾರೆ. ತಿಂಗಳಿಗೊಮ್ಮೆ ಗುಂಡಿಯ ಹೂಳು, ಸೀಲ್, ಎಣ್ಣೆಯ ಮಟ್ಟ; ಮೂರು ತಿಂಗಳಿಗೊಮ್ಮೆ ಡಿಟೆಕ್ಟರ್‌ನಿಂದ ಬಿಚ್ಚಿದ ಲೂಪ್ ತಂತಿಗೂ ಅರ್ತ್‌ಗೂ ನಡುವೆ 500 ವೋಲ್ಟ್ ಮೆಗ್ಗರ್‌ನಲ್ಲಿ (ತಂತಿಯ ಇನ್ಸುಲೇಷನ್ ಅಳೆಯುವ ಮೀಟರ್) 10 ಮೆಗಾಓಮ್‌ಗಿಂತ ಹೆಚ್ಚಿದೆಯೇ ಎಂಬ ಅಳತೆ; ಮಳೆಗಾಲಕ್ಕೆ ಮೊದಲು ನೀರಿನ ಪರೀಕ್ಷೆ ಎಂದು ಬಿಡಿಸಿ ಬರೆಸಿ. ಗೇಟಿನ ಮುಂದೆ ಡಾಂಬರು ಹೊಸದಾಗಿ ಹಾಕಿದ ದಿನ ಬೊಲಾರ್ಡ್ ಬಂದ್ ಮಾಡಿ. ರಸ್ತೆ ಕೆರೆಯುವ ಯಂತ್ರ ಲೂಪ್ ಕತ್ತರಿಸಿರುತ್ತದೆ, ಇಲ್ಲವೇ ಮೇಲೆ ಬಿದ್ದ ಎರಡಿಂಚು ಡಾಂಬರಿನಿಂದ ತಂತಿ ಆಳಕ್ಕೆ ಇಳಿದಿರುತ್ತದೆ, ಬಿಲ್ಲೆ ತಗ್ಗಾಗಿ ನೀರು ನಿಲ್ಲುತ್ತಿರುತ್ತದೆ. ಸ್ಕೂಟರ್ ಪರೀಕ್ಷೆಯನ್ನು ಮೊದಲಿನಿಂದ ಮಾಡಿ, ದೀಪ ಹತ್ತಿದ ಮೇಲೆ ಮತ್ತೆ ಚಾಲೂ ಮಾಡಿ.